ಪೀರಮ್ಮನ ಶ್ರುತಿ

ಆಂಧ್ರದ ಗಡಿಯೊಳಗಿನ ಕೋಸಗಿಯ ನಮ್ಮ ಪೀರಮ್ಮನ ಬಗ್ಗೆ ಹೇಳಬೇಕೆಂದರೆ ಮೊದಲು ಆಕೆಯ ಗಂಟಲಿನ ಬಗ್ಗೆ ಹೇಳಬೇಕು. ಹೆಣ್ಣಿನ ಗಂಟಲೇ ಅಲ್ಲ ಅದು ಎಂದು ಊರೆಲ್ಲ ನಕ್ಕಿದೆ. ಮದುವೆಯಾಗಿ ಬಂದ ಹೊಸತರಲ್ಲಿ ಆಕೆ ಬಾಗಿಲ ಹಿಂದಿನಿಂದ ‘ಯಾರು?’ ಎಂದರೆ, ಬಂದವರು ಮನೆಯ ಯಜಮಾನನೇ ಮಾತಾಡಿದನೆಂದು ತಿಳಿದು ಹೊರಗಿನಿಂದಲೇ ನಮಸ್ಕಾರ ಹೇಳುತ್ತಿದ್ದರಂತೆ. ಅತ್ತೆಯಂತೂ ‘ಮೆತ್ತಗ ಮಾತಾಡು, ಮೆತ್ತಗ ಮಾತಾಡು’ ಎಂದು ಗದರಿಸಿ ಗದರಿಸಿ ಆಕೆಯ ಮಾತನ್ನೇ ನಿಲ್ಲಿಸಿಬಿಟ್ಟಳು. ಅಂಥ ಜನರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆ ಗಂಟಲಿಗೆ ಮರ್ಯಾದೆ ಇದ್ದದ್ದು ಒಂದೇ ಕಡೆ, ನಮ್ಮ ಚರ್ಚಿನ ಹಾಡಿನ ಗುಂಪಿನಲ್ಲಿ. ನಮ್ಮ ಗುಂಪಿಗೆ ವಾದ್ಯವಿಲ್ಲ. ಅದೇನು ವೈರಾಗ್ಯ ಗಿರಾಗ್ಯದಿಂದಲ್ಲ. ನಮ್ಮಲ್ಲಿ ಅರ್ಧಕ್ಕರ್ಧ ಜನ ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೆ ಹೋಗುವವರು. ಮಕ್ಕಳು, ಪಾತ್ರೆ, ಜೋಳದ ಚೀಲ ಹೊತ್ತುಕೊಂಡು ರೈಲು ಹತ್ತುವವರು ಹಾರ್ಮೋನಿಯಂ ಎಲ್ಲಿ ಇಟ್ಟುಕೊಳ್ಳಬೇಕು? ಹೊಲದ ಬದಿಯ ಗುಡಿಸಲ ಮುಂದೆ ಸಂಜೆ ಪ್ರಾರ್ಥನೆಗೆ ಕೂತಾಗ ಬಾಯಿಯೇ ಎಲ್ಲ ಆಗಬೇಕಿತ್ತು. ಊರಿಗೆ ಬಂದ ಮೇಲೂ ಅದೇ ರೂಢಿ ಉಳಿಯಿತು.

ಮಾರೆಣ್ಣ ತುಟಿಯಲ್ಲೇ ಡೋಲು ಬಾರಿಸುತ್ತಾನೆ. ಪೀರಮ್ಮನದು ಶ್ರುತಿ. ಬಾಯಿ ಮುಚ್ಚಿ, ಕಣ್ಣು ಮುಚ್ಚಿ, ಎದೆಯ ಆಳದಿಂದ ಒಂದು ‘ಹೂಂ’ ತೆಗೆಯುತ್ತಿದ್ದಳು. ಅದು ಗಟ್ಟಿಯಾಗಿ ನಿಲ್ಲುವ ತನಕ ಯಾರೂ ಪದ ಎತ್ತುವಂತಿಲ್ಲ, ಎತ್ತಿದರೆ ಮಾರೆಣ್ಣ ಕಣ್ಣು ಕೆಕ್ಕರಿಸುತ್ತಿದ್ದ. ಹಾಡು ಮುಗಿಯುವವರೆಗೂ ಅದು ನಮ್ಮೆಲ್ಲರ ದನಿಯ ಕೆಳಗೆ ಇರಲೇಬೇಕು. ನಾವು ಜೋರಾಗಿ ಎತ್ತುವ ಜಾಗ ನೋಡಿ ಆಕೆ ಉಸಿರು ಎಳೆದುಕೊಳ್ಳುತ್ತಿದ್ದಳು. ಪಕ್ಕದಲ್ಲೇ ನಿಂತು ಹಾಡುವ ನನಗೂ ಅದು ಗೊತ್ತಾಗುತ್ತಿರಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಪಾಸ್ಟರ್ ಅಯ್ಯಗಾರ ಮಗಳು ಸೌಜನ್ಯ ಫೋನು ಹಿಡಿದುಕೊಂಡು ಬಂದಳು. ಯಾವುದೋ ದೇಶದವರು ಕೆಂಪು ಮಫ್ಲರ್ ಸುತ್ತಿಕೊಂಡು ಸಾಲಾಗಿ ನಿಂತು, ಬರೀ ಬಾಯಿಂದಲೇ ಕ್ರಿಸ್‌ಮಸ್ ಹಾಡು ಹೇಳುವ ವಿಡಿಯೋ.

“ನಾವು ಮಾಡೋದೂ ಇದೇ ಅಲ್ಲೇನ್ರಿ? ಲಕ್ಷಗಟ್ಲೆ ಜನ ನೋಡ್ಯಾರ. ನಮ್ದೂ ರೆಕಾರ್ಡ್ ಮಾಡ್ಸೋಣು” ಎಂದಳು.

ಅಯ್ಯಗಾರಿಗೆ ಹುಚ್ಚು ಹತ್ತಿತು. ಪೀರಮ್ಮನಿಗೂ ಹತ್ತಿತು, ಸುಳ್ಳು ಯಾಕೆ ಹೇಳಲಿ. ಸ್ಟೇಷನ್ ಹತ್ತಿರದ ನನ್ನ ಪಂಕ್ಚರ್ ಅಂಗಡಿಗೆ ಬಂದು ನಿಂತಳು.

“ಸುಂಕಣ್ಣಾ, ರೆಕಾರ್ಡ್‌ನಾಗ ನನ್ನ ದನಿನೂ ಬರ್ತೈತೇನು? ನನ್ನ ದನಿ ಹೆಂಗೈತಿ ಅಂತ ನಾನೇ ಒಂದಿನ ಕೇಳಿಲ್ಲ ನೋಡು. ನಮ್ಮತ್ತಿ ಇರಬೇಕಿತ್ತು, ಆಕಿಗೇ ಮೊದ್ಲು ಕೇಳಸ್ತಿದ್ದೆ.”

ಅಷ್ಟು ಹೇಳಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ರೆಕಾರ್ಡ್ ಮಾಡಿಸಲು ನಾವು ಹೋದ ಆದೋನಿಯ ಸ್ಟುಡಿಯೋ ಎಂದರೆ ಹತ್ತಿ ಬಿಡಿಸುವ ಜಿನ್ನಿನ ಗೋಡೆಗೆ ಆತುಕೊಂಡ ಒಂದು ಕೋಣೆ. ಗೋಡೆಗೆಲ್ಲ ಮೊಟ್ಟೆ ಇಡುವ ಟ್ರೇ ಬಡಿದಿದ್ದರು. ಮೂಲೆಯಲ್ಲಿ ಗುಟ್ಕಾ ಉಗುಳಿದ ಕಲೆ, ಒಳಗೆಲ್ಲ ಹಳೇ ಬೆವರಿನ ವಾಸನೆ. ಯೇಸುವಿನ ಹುಟ್ಟಿನ ಹಾಡು ಹೇಳುವ ಜಾಗವೇ ಅದು? ಎಲೆಕ್ಷನ್ ಹಾಡು, ಮದುವೆ ವಿಡಿಯೋ ಮಾಡಿಕೊಂಡಿದ್ದ ತಿಪ್ಪೇಶ ಅದರ ಮಾಲೀಕ. ಫ್ಯಾನು ಆಫ್ ಮಾಡಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ನಾವು ಹಾಡುವಷ್ಟು ಹೊತ್ತೂ ಕಂಪ್ಯೂಟರ್ ನೋಡುತ್ತಾ ಕೂತ. ತಲೆಯೆತ್ತಿ ಒಮ್ಮೆಯಾದರೂ ನಮ್ಮ ಮುಖ ನೋಡಿದ್ದರೆ ಕೇಳಿ. ಸೌಜನ್ಯ ಅತ್ತಿತ್ತ ಓಡಾಡಿ ವಿಡಿಯೋ ತೆಗೆದುಕೊಂಡಳು. ನಾವಂತೂ ಚೆನ್ನಾಗಿಯೇ ಹಾಡಿದೆವು.

ಡಿಸೆಂಬರ್‌ನಲ್ಲಿ ಹಾಡು ತಯಾರಾಗಿ ಬಂತು. ಎಲ್ಲರೂ ಚರ್ಚಿನ ಚಾಪೆಯ ಮೇಲೆ ಕೂತು ಕೇಳಿದೆವು. ಥೂ! ಸೊಳ್ಳೆಗಳ ಸಂತೆ. ನಮ್ಮ ಗಂಟಲನ್ನೆಲ್ಲ ಇಸ್ತ್ರಿ ಮಾಡಿ ಒಂದೇ ಮಾಡಿಬಿಟ್ಟಿದ್ದ, ಯಾವುದು ಮಾರೆಣ್ಣನದು, ಯಾವುದು ನನ್ನದು ಎಂದೇ ತಿಳಿಯದು. ಶ್ರುತಿ ಇರಬೇಕಾದ ಕಡೆ ಕೀಬೋರ್ಡಿನಿಂದ ಬರುವ ಸಪ್ಪೆ ಸಪ್ಪೆ ‘ಆ…’. ಅದರ ಮೇಲೆ ‘ವಾದ್ಯಗಳಿಲ್ಲದ ಕ್ರಿಸ್‌ಮಸ್ ಹಾಡು’ ಎಂಬ ಬರಹ ಬೇರೆ.

ಪೀರಮ್ಮ ಫೋನಿನ ಕಡೆ ಬಾಗಿ ಕೂತಿದ್ದಳು. ಹಾಡು ಅರ್ಧ ಮುಗಿದಿತ್ತು.

“ನಂದು ಯಾವಾಗ ಬರ್ತೈತಿ?” ಎಂದು ಕೇಳಿದಳು.

ಹಾಡು ಮುಗಿದೇ ಹೋಯಿತು.

ಮರುದಿನ ಅಂಗಡಿ ಮುಚ್ಚಿ ಆದೋನಿಗೆ ಹೋದೆ. ಹಾಡಿನ ಕೆಳಗಿದ್ದ ಹೂಂ ಎಲ್ಲಿ ಹೋಯಿತೆಂದು ಕೇಳಿದರೆ ತಿಪ್ಪೇಶನಿಗೆ ಸ್ವಲ್ಪವೂ ಅಳುಕಿಲ್ಲ.

“ಅದು ಪಕ್ಕದ ಜಿನ್ನಿನ ಮೋಟರ್ ಸದ್ದಲ್ಲೇನ್ರಿ? ಹಾಡಿನ ಉದ್ದಕ್ಕೂ ಗುಂಯ್ ಅಂತಿತ್ತು. ಅದನ್ನ ಕ್ಲೀನ್ ಮಾಡೋದ್ರಾಗ ನನ್ನ ಜೀವ ಹೋತು!”

“ಅದು ನಮ್ಮ ಪೀರಮ್ಮನ ದನಿಯಪ್ಪಾ. ಆಕಿ ಹಿಡಿದ ಶ್ರುತಿ.”

“ಹೆಣ್ಮಗಳಾ?” ಎಂದು ಕೆಂಪು ಹಲ್ಲು ಕಿಸಿದು ನಕ್ಕ. ಕಪಾಳಕ್ಕೆ ಬಾರಿಸಬೇಕೆನಿಸಿತು. ಪುಣ್ಯಕ್ಕೆ ಮೊದಲಿನ ರೆಕಾರ್ಡಿಂಗ್ ಇಟ್ಟುಕೊಂಡಿದ್ದ. ಅದನ್ನು ನನ್ನ ಫೋನಿಗೆ ಹಾಕಿಸಿಕೊಂಡು ಬಂದೆ.

ಭಾನುವಾರ ಆರಾಧನೆ ಮುಗಿದ ಮೇಲೆ ಗುಂಪಿನವರನ್ನೆಲ್ಲ ನಿಲ್ಲಿಸಿ, ಚರ್ಚಿನ ಸ್ಪೀಕರಿಗೆ ಹಚ್ಚಿ ಕೇಳಿಸಿದೆ. ಆ ಹೂಂ ನೆಲದಿಂದ ಎದ್ದು ಬಂದಂತೆ ಬಂತು. ನನ್ನ ಮೈ ಜುಮ್ಮೆಂದಿತು. ಇಷ್ಟಾದ ಮೇಲೆ ಎಲ್ಲರೂ ಒಪ್ಪುತ್ತಾರೆ, ಇದನ್ನೇ ಊರಿಗೆಲ್ಲ ಕಳಿಸುತ್ತಾರೆ ಎಂದುಕೊಂಡೆ. ಅಯ್ಯಗಾರು ಮುಖ ಕಿವುಚಿದರು.

“ಏಮೋ, ನನಗ್ಯಾಕೋ ಮಿಲ್ಲಿನ ಸೌಂಡ್ ಇದ್ದಂಗೈತಿ. ಕ್ಲೀನ್ ಮಾಡಿದ್ದೇ ಬಾಗುಂದಿ, ಅದೇ ಇರ್ಲಿ.”

ಯಾರೋ ಕಿಸಕ್ಕೆಂದರು. ಎಲ್ಲರೂ ಪೀರಮ್ಮನ ಕಡೆ ತಿರುಗಿದರು. ತನ್ನ ದನಿಯನ್ನು ಆಕೆ ಹೊರಗಿನಿಂದ ಕೇಳಿದ್ದು ಅದೇ ಮೊದಲು. ಮುಖ ಕಪ್ಪಿಟ್ಟಿತ್ತು.

“ಇದು ನಂದಾ? ಯವ್ವಾ! ಇಷ್ಟು ವರ್ಷ ಇದನ್ನ ಹೆಂಗ ತಡ್ಕೊಂಡ್ರಪ್ಪಾ ನೀವು? ತೆಗೆದಿದ್ದೇ ಚೊಲೋ ಆತು.”

“ಅಕ್ಕಾ, ಅದಿಲ್ದಿದ್ರ ನಮ್ಗ ಹಾಡೇ ಇಲ್ಲ” ಎಂದು ನಾನು ಕೂಗಿದೆ. ಒಬ್ಬರಾದರೂ ಹೌದು ಎನ್ನಬೇಕಲ್ಲ? ಇಷ್ಟು ವರ್ಷ ಆಕೆಯ ಶ್ರುತಿಗೆ ಕಾದು ನಿಂತವರು ಬಾಯಿಗೆ ಬೀಗ ಹಾಕಿಕೊಂಡರು. ಮಾರೆಣ್ಣ ಕಾಲಿನ ಹೆಬ್ಬೆರಳು ನೋಡುತ್ತ ನಿಂತ. ನನಗೆ ತಿಪ್ಪೇಶನಿಗಿಂತ ಅವನ ಮೇಲೆ ಹೆಚ್ಚು ಅಸಹ್ಯವಾಯಿತು.

ಅಲ್ಲಿಗೂ ಮುಗಿಯಲಿಲ್ಲ. ಸೌಜನ್ಯ ಸ್ಟುಡಿಯೋದಲ್ಲಿ ತೆಗೆದು, ಆ ಕ್ಲೀನ್ ಮಾಡಿದ ಹಾಡು ಸೇರಿಸಿ ನೆಟ್‌ಗೆ ಹಾಕಿದ ವಿಡಿಯೋದ ಕೆಳಗೆ ಯಾವನೋ ‘ಹಿಂದಿನ ಆಂಟಿ ಬಾಯಿ ಮುಚ್ಕೊಂಡು ಯಾಕ ನಿಂತಾಳ, ನಿದ್ದಿ ಬಂದೈತೇನು?’ ಎಂದು ಬರೆದ. ಅದಕ್ಕೆ ಹಲ್ಲು ಕಿಸಿಯುವ ಗೊಂಬೆಗಳು ಬೇರೆ. ಅಯ್ಯಗಾರಿಗೆ ಅವಮಾನವಾಯಿತಂತೆ, ಪೀರಮ್ಮನಿಗಾದದ್ದು ಲೆಕ್ಕಕ್ಕಿಲ್ಲ. ಕ್ರಿಸ್‌ಮಸ್ ದಿನ ಹೊಸ ವಿಡಿಯೋ ತೆಗೆಯುವುದು, ರೆಕಾರ್ಡನ್ನೇ ಸ್ಪೀಕರಿನಲ್ಲಿ ಹಚ್ಚುವುದು, ಎಲ್ಲರೂ ಅದಕ್ಕೆ ತುಟಿ ಆಡಿಸುವುದು ಎಂದು ತೀರ್ಮಾನವಾಯಿತು. “ಪೀರಮ್ಮತ್ತಾ, ನೀನೂ ಬಾಯಿ ತೆರೀಬೇಕು” ಎಂದಳು ಸೌಜನ್ಯ. ಪೀರಮ್ಮ ತಲೆಯಾಡಿಸಿದಳು. ನಾನು ಮಾತ್ರ ಈ ನಾಟಕಕ್ಕೆ ನಿಲ್ಲುವುದಿಲ್ಲ ಎಂದುಬಿಟ್ಟೆ.

ಕ್ರಿಸ್‌ಮಸ್ ಬೆಳಿಗ್ಗೆ ನಾನು ಬಾಗಿಲ ಬಳಿಯೇ ನಿಂತಿದ್ದೆ. ಸೌಜನ್ಯ ನನ್ನ ಪಕ್ಕ ಕುರ್ಚಿ ಹತ್ತಿ ಫೋನು ಹಿಡಿದಳು. ಸ್ಪೀಕರ್ ಹಾಡತೊಡಗಿತು. ಪೀರಮ್ಮ ಹೊಸ ಸೀರೆಯುಟ್ಟು ಈ ಸಲ ಮುಂದಿನ ಸಾಲಿನಲ್ಲಿದ್ದಳು. ಒಂದೊಂದು ಪದಕ್ಕೂ ಬಾಯಿ ದೊಡ್ಡದಾಗಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ನಾನು ಹಾಡಿನ ಮಧ್ಯೆ ಕಿವಿಗೊಟ್ಟು ಆಕೆಯ ಹೂಂ ಹುಡುಕಿದೆ. ಆಕೆ ಉಸಿರನ್ನೂ ಹೊರಗೆ ಬಿಡುತ್ತಿರಲಿಲ್ಲ.

ಸೌಜನ್ಯ ಫೋನಿನ ಮೇಲಿಂದ ನನ್ನ ಕಡೆ ಬಾಗಿ, ಹಿಗ್ಗಿನಿಂದ ಪಿಸುಗುಟ್ಟಿದಳು:

“ನೋಡ್ರಿ ಸುಂಕಣ್ಣ ಮಾಮ, ಈ ವರ್ಷ ಪೀರಮ್ಮತ್ತ ಎಷ್ಟು ಚೆಂದ ಹಾಡಾಕತ್ಯಾಳ!”