ಕಡವೆ ಮುಟ್ಟಿದವರಿಗೆಲ್ಲ ಪಾಲು

ಬೇಟೆಯ ಕಥೆ ಹೇಳುವವರ ಬಗ್ಗೆ ನನಗೆ ಹಳೆಯದೊಂದು ಅನುಮಾನವಿದೆ. ಇವರು ಕಾಡಿಗೆ ಹೋಗುವುದು ಪ್ರಾಣಿಯನ್ನು ಕೊಲ್ಲಲಿಕ್ಕಲ್ಲ, ನಮ್ಮನ್ನು ಕೊಲ್ಲಲಿಕ್ಕೆ. ಪ್ರಾಣಿಯಾದರೂ ಪುಣ್ಯ ಮಾಡಿರುತ್ತದೆ, ಒಂದೇ ಏಟಿಗೆ ಹೋಗುತ್ತದೆ. ನಾವು ವರ್ಷಗಟ್ಟಲೆ ಸಾಯುತ್ತಿರಬೇಕು. ಜಯನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿಕೊಂಡಿದ್ದ ನಿವೃತ್ತ ಅಧಿಕಾರಿಯೊಬ್ಬರ ಮಗನಿಗೆ ನಾನು ಲೆಕ್ಕ ಹೇಳಿಕೊಡಲು ಹೋಗುತ್ತಿದ್ದೆ. ನಾನು ಪುಸ್ತಕ ತೆಗೆಯುವ ಹೊತ್ತಿಗೆ ಸರಿಯಾಗಿ ಅವರು ತಮ್ಮ ಚಿರತೆಯನ್ನು ತೆಗೆಯುತ್ತಿದ್ದರು. ವಾರದಿಂದ ವಾರಕ್ಕೆ ಅದು ಗೇಣುಗೇಣು ಬೆಳೆಯುತ್ತಿತ್ತು. ಕೊನೆಗೆ ಹುಡುಗ ಲೆಕ್ಕದಲ್ಲಿ ಫೇಲಾದ, ಚಿರತೆ ಮಾತ್ರ ಪಾಸಾಗಿ ಹುಲಿಯಾಯಿತು.

ಬೇಗೂರಿನ ಕಡೆ ಹೋದರೆ ಹಳೆಯ ವೀರಗಲ್ಲುಗಳು ಸಿಗುತ್ತವೆ. ಹಂದಿಗೆ ಭರ್ಜಿ ಹಾಕಿ ಸತ್ತವನು, ಹುಲಿಯ ಬಾಯಿಗೆ ಕೈ ಕೊಟ್ಟು ಸತ್ತವನು, ಎಲ್ಲರೂ ಕಲ್ಲಿನಲ್ಲಿ ಮೀಸೆ ತಿರುವಿಕೊಂಡು ನಿಂತಿರುತ್ತಾರೆ. ಚಿಕ್ಕಂದಿನಲ್ಲಿ ಅಜ್ಜಿಯನ್ನು ಕೇಳಿದ್ದೆ: “ಹುಲಿ ಹೊಡೆದು ಬದುಕಿ ಬಂದೋರಿಗೆ ಯಾಕಜ್ಜಿ ಕಲ್ಲಿಲ್ಲ?” ಅಜ್ಜಿ ಅವರೇಕಾಯಿ ಸುಲಿಯುತ್ತ, ತಲೆ ಎತ್ತದೆ, “ಬದುಕಿ ಬಂದೋನಿಗೆ ಬಾಯೈತಲ್ಲೋ, ಕಲ್ಲು ಯಾಕೆ?” ಎಂದಿದ್ದಳು. ಪುರಾಣದ ರಾಜರ ಪಾಡೂ ನೋಡಿ. ಬೇಟೆಗೆ ಹೋದ ಯಾವ ರಾಜ ತೆಪ್ಪಗೆ ಮನೆಗೆ ಬಂದಿದ್ದಾನೆ? ಒಬ್ಬ ಶಾಪ ಹೊತ್ತುಕೊಂಡು ಬಂದ, ಇನ್ನೊಬ್ಬ ಹೆಂಡತಿಯನ್ನು ಕಟ್ಟಿಕೊಂಡು ಬಂದ. ಎರಡೂ ಒಂದೇ ಎಂಬುದು ನಮ್ಮಪ್ಪನ ವ್ಯಾಖ್ಯಾನ. ಅವ್ವ ಹತ್ತಿರವಿಲ್ಲದಾಗ ಮಾತ್ರ ಹೇಳುವ ವ್ಯಾಖ್ಯಾನ.

ಇಷ್ಟೆಲ್ಲ ಹಂಗಿಸುವ ನಾನೂ ಒಮ್ಮೆ ಅಪ್ಪನ ಜೊತೆ ಬೇಟೆಗೆ ಹೋಗಿದ್ದೆ. ಅದೂ ಎಂಥ ಬೇಟೆ, ಯಶಸ್ವಿಯಾದ ಬೇಟೆ! ಆ ಯಶಸ್ಸು ಎಂಥದ್ದೆಂದು ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನಿಸಿ.

ನಮ್ಮದು ಸಾರಕ್ಕಿ. ಆಗಿನ್ನೂ ನಮ್ಮ ಹಿತ್ತಲಲ್ಲಿ ನಿಂತರೆ ಜಯನಗರವೆಂಬುದು ರಾಗಿ ಹೊಲಗಳ ಆಚೆ ಕಾಣುವ ಸುಣ್ಣ ಬಳಿದ ಗೋಡೆಗಳ ಸಾಲು, ಅಷ್ಟೇ. ಅಪ್ಪನಿಗೆ ಒಂದಿಷ್ಟು ಹೊಲ, ಒಂದು ಹೂವಿನ ತೋಟ, ತಾತನ ಕಾಲದ ಒಂಟಿ ನಳಿಗೆಯ ಕೋವಿ. ಕೋವಿಗೆ ಲೈಸೆನ್ಸಿತ್ತು, ಗುರಿಯೊಂದಿರಲಿಲ್ಲ. ತಾತನ ಕೈಯಲ್ಲಿ ಅದು ಹಂದಿಗಳನ್ನು ಉರುಳಿಸಿತ್ತಂತೆ. ಅಪ್ಪನ ಕೈಗೆ ಬಂದ ಮೇಲೆ ಅಹಿಂಸಾವ್ರತ ಹಿಡಿದಿತ್ತು. ಆಯುಧಪೂಜೆಗೆ ಕುಂಕುಮ ಇಡಿಸಿಕೊಳ್ಳುವುದು, ಹೊಸತೊಡಕಿಗೆ ಒಂದು ಸಲ ಠುಸ್ಸೆನ್ನುವುದು, ಮತ್ತೆ ಅಟ್ಟ ಸೇರುವುದು.

ಹೊಸತೊಡಕು ಅಂದರೆ ಯುಗಾದಿಯ ಮಾರನೆಯ ದಿನ. ಹಿಂದಿನ ದಿನ ಬೇವು ಬೆಲ್ಲ, ಒಬ್ಬಟ್ಟು ಎಂದು ಸಾತ್ವಿಕವಾಗಿದ್ದ ನಾಲಿಗೆಗಳಿಗೆ ಅಂದು ಬಾಡು ಬೇಕು. ಅಂದು ಏನು ಮಾಡುತ್ತೀಯೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅಂದು ಬಾಡು ತಿಂದವನಿಗೆ ವರ್ಷವೆಲ್ಲ ಬಾಡು, ಅಂದು ಉಪವಾಸ ಬಿದ್ದವನಿಗೆ ವರ್ಷವೆಲ್ಲ ತಿಳಿಸಾರು. ಬೇರೆ ಮನೆಗಳಲ್ಲಿ ಕುರಿಯೋ ಕೋಳಿಯೋ ಆದರೆ ಸಾಕು. ಕೋವಿಯಿದ್ದ ಮನೆಯಲ್ಲಿ ಮಾತ್ರ ಬೇಟೆಯ ಬಾಡೇ ಮಡಕೆಗೆ ಬೀಳಬೇಕು ಎಂದು ತಾತ ಕಟ್ಟಳೆ ಮಾಡಿಹೋಗಿದ್ದ. ತಾನು ಹೊಡೆಯಬಲ್ಲವನು ಮಾಡಿದ ಕಟ್ಟಳೆ. ಹೊಡೆಯಲಾರದ ಮಗನ ಗತಿಯೇನೆಂದು ಯೋಚಿಸಲಿಲ್ಲ. ಅಪ್ಪ ಪ್ರತಿ ವರ್ಷ ಬರಿಗೈಯಲ್ಲಿ ಬಂದು, ಕದ್ದು ಕೋಳಿ ಕೊಯ್ಯಿಸಿ, ಕಾಡುಕೋಳಿ ಎಂದು ಸಾರುತ್ತಿದ್ದ. ಊರಿಗೆ ಊರೇ ನಂಬಿದಂತೆ ನಟಿಸುತ್ತಿತ್ತು.

ನಟಿಸದೇ ಇದ್ದವನು ಒಬ್ಬನೇ, ಅವ್ವನ ತಮ್ಮ, ಬೇಗೂರಿನ ಪಿಳ್ಳಪ್ಪ ಮಾವ. ಯುಗಾದಿಗೆ ತಪ್ಪದೆ ಬರುತ್ತಿದ್ದ, ಒಬ್ಬಟ್ಟು ತಿನ್ನಲು ಮತ್ತು ಭಾವನನ್ನು ತಿನ್ನಲು. ಆ ವರ್ಷವೂ ತುಪ್ಪದ ಕೈಯನ್ನು ಮೀಸೆಗೆ ಒರೆಸಿಕೊಂಡು ಶುರು ಮಾಡಿದ: “ಭಾವ, ನಿಮ್ಮ ಕೋವಿ ನೋಡಿದ್ರೆ ಕಾಡಲ್ಲಿ ಪ್ರಾಣಿಗಳು ಓಡೋದಿಲ್ವಂತೆ. ಮರಿಗಳನ್ನ ಕರ್ಕೊಂಡು ದರ್ಶನಕ್ಕೆ ಬರ್ತಾವಂತೆ, ನಿಜವಾ?”

ಅಪ್ಪ ಎಲೆಯ ಮುಂದಿನಿಂದ ಅರ್ಧಕ್ಕೇ ಎದ್ದ. “ನಾಳೆ ಬೇಟೆ ಇಲ್ದೆ ಬಂದ್ರೆ ಕೋವಿ ನಿಂದೇ ಕಣೋ ಪಿಳ್ಳ! ಬೇಗೂರಿಗೆ ಹೊತ್ಕೊಂಡು ಹೋಗು!”

“ಲೈಸೆನ್ಸು ನಾನೇ ಮಾಡಿಸ್ಕೋತೀನಿ ಬಿಡಿ ಭಾವ,” ಎಂದು ಮಾವ ಇನ್ನೊಂದು ಒಬ್ಬಟ್ಟಿಗೆ ಕೈ ಹಾಕಿದ. ಅವ್ವನ ಕೈಯಲ್ಲಿದ್ದ ತುಪ್ಪದ ಗಿಂಡಿ ಅಲ್ಲೇ ನಿಂತಿತು. ಅವಳು ಸೊಸೆಯಾಗಿ ಬಂದಾಗಿನಿಂದ ತಾತನ ಆ ಕೋವಿಗೆ ದೀಪ ತೋರಿಸಿದವಳು. ಅಪ್ಪನಿಗೋ, ತಾತನಿಂದ ಉಳಿದಿದ್ದ ಗೌರವದ ವಸ್ತು ಅದೊಂದೇ. ಹೊಲಗಳು ಬಡಾವಣೆಗೆ ಹೋಗುತ್ತವೆ ಎಂಬ ಸುದ್ದಿ ಆಗಲೇ ಹಬ್ಬಿತ್ತು, ಕೋವಿಯನ್ನು ಯಾರೂ ಬಡಾವಣೆ ಮಾಡಲಾರರು ಎಂದು ಅವನು ನೆಮ್ಮದಿಯಿಂದಿದ್ದ. ಈಗ ಅದನ್ನೂ ಬಾಯಿಜೋರಿಗೆ ಒತ್ತೆಯಿಟ್ಟು ಕೂತ.

ನಾನಾಗ ಬಸವನಗುಡಿಯ ಶಾಲೆಯೊಂದರಲ್ಲಿ ಹೊಸ ಮೇಷ್ಟ್ರು. ರಜದ ದಿನ ಹೊದ್ದು ಮಲಗಿದ್ದವನನ್ನು ಅಪ್ಪ ಕೋಳಿ ಕೂಗುವ ಮುಂಚೆ ಎಬ್ಬಿಸಿ, “ತೊಡಕಿನ ದಿನ ಮಲಗಿದ್ರೆ ವರ್ಷವೆಲ್ಲ ಮಲಗೇ ಇರ್ತೀಯ” ಎಂದ. ಇದು ಶಾಪವೋ ವರವೋ ಎಂದು ನಾನು ಯೋಚಿಸುವಷ್ಟರಲ್ಲಿ ಪಕ್ಕದ ಮನೆಯ ಕೆಂಪಯ್ಯನ ಗಾಡಿಯಲ್ಲಿ ಕೂತಾಗಿತ್ತು. ಹಿಂದೆ ಊರಿನ ನಾಲ್ಕಾರು ಜನ, ಅವರಿಗಿಂತ ಒಂದೆರಡು ಹೆಚ್ಚು ನಾಯಿಗಳು.

ಬೇಟೆಗಾರರ ಶಿಸ್ತನ್ನು ಹತ್ತಿರದಿಂದ ನೋಡಬೇಕು. ದಾರಿಯುದ್ದಕ್ಕೂ ಕೆಮ್ಮಿ, ಕ್ಯಾಕರಿಸಿ, ಎತ್ತಿಗೆ ಬೈದು, ಬನ್ನೇರುಘಟ್ಟದವರೆಗಿನ ಸಕಲ ಜೀವರಾಶಿಯನ್ನೂ ಎಬ್ಬಿಸಿ, ಕಾಡಿನ ಅಂಚಿಗೆ ಬಂದೊಡನೆ ತುಟಿಯ ಮೇಲೆ ಬೆರಳಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಉಪ್ಪು ಬೇಕೆಂದರೂ ಊರಿಗೆ ಕೇಳುವಂತೆ ಕೂಗುವ ಗಂಡಸರು ಅಲ್ಲಿ ಪಿಸುಗುಡುತ್ತಾರೆ. ಕೆಂಪಯ್ಯ ಮತ್ತು ಉಳಿದವರು ನಾಯಿಗಳೊಡನೆ ಸುತ್ತು ಹಾಕಿ ಪ್ರಾಣಿಗಳನ್ನು ನಮ್ಮ ಕಡೆ ಅಟ್ಟುವುದು, ಅಪ್ಪ ಬಂಡೆಯ ಮರೆಯಲ್ಲಿ ಕೂತು ಹೊಡೆಯುವುದು, ನಾನು ಅಪ್ಪನ ಪಕ್ಕ ಕೂತು ಉಸಿರಾಡದಿರುವುದು ಎಂದು ಏರ್ಪಾಡಾಯಿತು. ನನ್ನ ಕೆಲಸವೇ ಕಷ್ಟದ್ದು.

ಬಿಸಿಲೇರಿತು. ದೂರದಲ್ಲಿ ತಮಟೆ, ಕೂಗು. ಅಪ್ಪ ಕೋವಿಯನ್ನು ಬಂಡೆಯ ಮೇಲೆ ಆನಿಸಿ ಹಿಡಿದ. ಧೈರ್ಯಕ್ಕೆಂದು ಸೊಂಟದ ಡಬ್ಬಿ ತೆಗೆದು ಒಂದು ಚಿಟಿಕೆ ನಸ್ಯ ಏರಿಸಿದ. ಅದೇ ಗಳಿಗೆಗೆ ಪೊದೆ ಸೀಳಿಕೊಂಡು ಬಂತು ಕಡವೆ. ಎತ್ತಿನ ಗಾತ್ರದ ಗಂಡು, ಒಣಗಿದ ಮರವೊಂದು ತಲೆಯ ಮೇಲೆ ಬೆಳೆದಂಥ ಕೊಂಬು. ಓಡಿದ ರಭಸಕ್ಕೆ ನಮ್ಮನ್ನು ದಾಟಿಯೇ ಹೋಗಿಬಿಡುತ್ತಿತ್ತು. ಅಷ್ಟರಲ್ಲಿ ಅಪ್ಪ ಸೀನಿದ. ಬಂಡೆಯೇ ಸೀನಿತೋ ಎಂಬಂಥ ಸೀನು. ಪಾಪ, ಕಾಡಿನಲ್ಲಿ ಹುಟ್ಟಿ ಬೆಳೆದ ಪ್ರಾಣಿ, ಚಿರತೆಯ ಗುಟುರು ಕೇಳಿತ್ತೋ ಏನೋ, ನಸ್ಯದ ಸೀನು ಕೇಳಿರಲಿಲ್ಲ. ನಿಂತು, ಕತ್ತು ತಿರುಗಿಸಿ, ಇದೇನಿದು ಎಂದು ನೋಡಿತು. ಅಪ್ಪನ ಎರಡನೆಯ ಸೀನಿಗೆ ಬೆರಳು ಬಿಗಿಯಿತು, ಕೋವಿ ಹಾರಿತು. ಹೊಗೆ ಕರಗಿದಾಗ ಕಡವೆ ಮಲಗಿತ್ತು. ಅದರ ಕಣ್ಣಿನಲ್ಲಿ ನೋವಿಗಿಂತ ಆಶ್ಚರ್ಯವೇ ಉಳಿದಿತ್ತು. ಅಪ್ಪನ ಕಣ್ಣಿನಲ್ಲೂ.

ನಮ್ಮ ಕಡೆ ಬೇಟೆಗೆ ಒಂದು ನ್ಯಾಯವಿದೆ. ಚರ್ಮ ಸುಲಿಯುವ ಮುಂಚೆ ಯಾರು ಬೇಟೆಯ ಮೇಲೆ ಕೈಯಿಡುತ್ತಾರೋ ಅವರಿಗೆಲ್ಲ ಪಾಲುಂಟು, ಒಂದು ಒಲೆಗೆ ಒಂದು ಪಾಲು. ಹೊಡೆದವನಿಗೆ ಜೊತೆಗೆ ತಲೆ ಮತ್ತು ಒಂದು ತೊಡೆ. ಆದ್ದರಿಂದ ಬುದ್ಧಿಯಿದ್ದವರು ಕಾಡಿನಲ್ಲೇ ಸುಲಿದು, ಗಪ್‌ಚಿಪ್ಪಾಗಿ ಮೂಟೆ ಕಟ್ಟಿಕೊಂಡು ಬರುತ್ತಾರೆ.

ಕೆಂಪಯ್ಯ ಅದನ್ನೇ ಹೇಳಿದ. “ಇಲ್ಲೇ ಸುಲಿದುಬಿಡಣ ಕಣಣ್ಣ. ದಾರೀಲಿ ಊರೂರು ಐತೆ.”

“ಸುಲಿದು ಮೂಟೆ ಕಟ್ಟಿದ್ರೆ ಪಿಳ್ಳ ಏನಂತಾನೆ? ಯಾರ ಮನೆ ಕುರಿ ಭಾವ ಅಂತಾನೆ. ಇಡೀದೇ ಬರ್ಲಿ, ಕೊಂಬು ಸಮೇತ!”

ಇಡಿಯದೇ ಬಂತು. ಗಾಡಿಯ ಮೇಲೆ ಕಡವೆ, ಕಡವೆಯ ಪಕ್ಕ ಅಪ್ಪ ಮದುವೆ ಗಂಡಿನಂತೆ. ಹಾಗೆ ಸುಮ್ಮನೆ ಬಂದಿದ್ದರೂ ಆಗುತ್ತಿತ್ತು. ಗೊಟ್ಟಿಗೆರೆಯ ಅರಳೀಕಟ್ಟೆ ಕಂಡೊಡನೆ ಗಾಡಿ ನಿಲ್ಲಿಸಿದ. “ಬನ್ರಪ್ಪಾ ಬನ್ನಿ, ಮುಟ್ಟಿ ನೋಡಿ, ಇನ್ನೂ ಬಿಸಿ ಐತೆ!” ಬನ್ನಿ ಎನ್ನುವುದೇ ತಡ. ವರ್ಷಗಳಿಂದ ಜಗಲಿ ಇಳಿಯದ ಮುದುಕನೊಬ್ಬ ಕೋಲು ಬಿಸಾಕಿ ಓಡಿಬಂದು ಕಡವೆಯನ್ನು ತಬ್ಬಿಕೊಂಡ. ಹುಳಿಮಾವಿನಲ್ಲಿ ಕ್ಷೌರ ಮಾಡುತ್ತಿದ್ದವನು ಕತ್ತಿ ಹಿಡಿದುಕೊಂಡೇ ಬಂದ, ಅರ್ಧ ಗಡ್ಡದ ಗಿರಾಕಿ ಅವನ ಹಿಂದೆ. ಎರಡು ಒಲೆ, ಎರಡು ಪಾಲು. ಅರಕೆರೆಯಲ್ಲಿ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಜಯನಗರದ ಆಚಾರವಂತರೊಬ್ಬರು ಇಳಿದು ಒಂದೇ ಬೆರಳಿನಿಂದ ಮುಟ್ಟಿ, “ನಾವು ತಿನ್ನೋದಿಲ್ಲಪ್ಪ, ಚರ್ಮ ಇದ್ರೆ ಕೊಡಿ, ಜಪಕ್ಕೆ ಕೂರಕ್ಕಾಗತ್ತೆ” ಎಂದರು. ಪರಮಾತ್ಮನಿಗೆ ಹತ್ತಿರವಾಗಲು ಕಡವೆಯೊಂದರ ಬೆನ್ನು ಬೇಕಾಗುವ ಭಕ್ತಿಯನ್ನು ನಾನು ಅಂದೇ ಕಂಡದ್ದು.

“ಅಪ್ಪ, ಸಾಕು ಬಿಡಪ್ಪ,” ಎಂದೆ.

“ಸುಮ್ನಿರೋ ಮೇಷ್ಟ್ರೇ. ಮುಟ್ಟಿದ್ರೆ ಸವೆದುಹೋಗುತ್ತಾ?”

ಸವೆಯಿತು. ಸಾರಕ್ಕಿ ತಲುಪುವ ಹೊತ್ತಿಗೆ ಗಾಡಿಯ ಹಿಂದೆ ಒಂದು ಸಣ್ಣ ಜಾತ್ರೆಯೇ ಇತ್ತು. ಪ್ರತಿಯೊಬ್ಬರ ಕೈಯಲ್ಲೂ ಮುತ್ತುಗದ ಎಲೆ, ಮುಖದಲ್ಲಿ ಅಪ್ಪನ ಪರಾಕ್ರಮದ ಬಗ್ಗೆ ಅಪಾರ ಗೌರವ. ಎಲೆ ಹಿಡಿದವರಷ್ಟು ಗೌರವ ಯಾರೂ ಕೊಡಲಾರರು.

ಮಾವ ಜಗಲಿಯ ಮೇಲೆ ಗೋಣಿಚೀಲ ಬಿಡಿಸಿಕೊಂಡು ಕೂತಿದ್ದ, ಕೋವಿ ಸುತ್ತಿಕೊಂಡು ಹೋಗಲಿಕ್ಕೆ. ಗಾಡಿ ಕಂಡೊಡನೆ ಇಳಿದು ಬಂದ. ನಂಬಲಿಲ್ಲ. ಕೊಂಬು ತಿರುಗಿಸಿದ, ಹೊಟ್ಟೆಗೆ ತಿವಿದ, ಕಿವಿ ಎಳೆದ. “ಎಲ್ಲಿ ಕೊಂಡ್ಕೊಂಡ್ರಿ ಭಾವ?”

ಕೆಂಪಯ್ಯ ನಿಟ್ಟುಸಿರು ಬಿಟ್ಟ. “ಆಯ್ತು, ಕೈ ಇಟ್ಟಾಯ್ತಲ್ಲ. ಬೇಗೂರಿಗೂ ಒಂದು ಪಾಲು.”

ಹೊಂಗೆಮರದ ಕೆಳಗೆ ಸುಲಿದು ಗುಡ್ಡೆ ಹಾಕಿದರು. ಎಂಥ ದೊಡ್ಡ ಕಡವೆಯಾದರೇನು, ನಾಲ್ಕು ಊರಿನ ಒಲೆಗಳಿಗೆ ಎಷ್ಟು ಬಂದೀತು? ಗುಡ್ಡೆಗಳು ಚಿಕ್ಕವಾದವು, ಎಲೆಗಳು ಮುಗಿಯಲಿಲ್ಲ. ಅಪ್ಪ ಮೊದಲು ತನ್ನ ಪಾಲು ಬಿಟ್ಟ. ಆಮೇಲೆ ತನ್ನ ತೊಡೆಯನ್ನೂ ಕೊಯ್ಯಿಸಿದ. “ಕಡವೆ ಹೊಡೆದೋನು ಇಲ್ಲ ಅನ್ನಬಾರ್ದು ಕಣ್ರೋ.” ಜನ ಭೇಷ್ ಎಂದರು. ಎಲೆ ಮಡಚಿಕೊಂಡವರು ಭೇಷ್ ಎಂದ ಮೇಲೆ ನಿಲ್ಲುವುದಿಲ್ಲ. ನೋಡುನೋಡುತ್ತಿದ್ದಂತೆ ಮರದ ಕೆಳಗೆ ಉಳಿದದ್ದು ಕೊಂಬಿನ ತಲೆ, ಕೆಂಪಯ್ಯ, ಮತ್ತು ಮಾವನ ಪಾಲಿನ ಒಂದು ಗುಡ್ಡೆ.

ಅವ್ವ ಮಡಕೆ ಹಿಡಿದು ಬಂದಳು. “ಖಾರ ಕುದೀತಾ ಐತೆ. ಎಲ್ಲಿ ಬಾಡು?”

ಅಪ್ಪ ತಲೆಯನ್ನು ತೋರಿಸಿದ. ಅದನ್ನು ಸುಟ್ಟು ಹದ ಮಾಡುವುದು ನಾಳೆಯ ಕೆಲಸ ಎಂದು ಎಲ್ಲರಿಗೂ ಗೊತ್ತಿತ್ತು. ಮಾವನಿಗೂ.

“ತೊಡಕಿನ ದಿನ ಮಡಕೆಗೆ ಬಿದ್ರೆ ತಾನೆ ಭಾವ ಬೇಟೆ? ಊರು ಸುತ್ತಿಸಿದ್ದೆಲ್ಲ ಮೆರವಣಿಗೆ,” ಎಂದ ಮಾವ. “ಬರಿಗೈ. ಕೋವಿ ತನ್ನಿ.”

ಅಪ್ಪ ವಾದ ಮಾಡಲಿಲ್ಲ. ವಾದ ಮಾಡಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಗಾಡಿಯ ಹತ್ತಿರ ಹೋಗಿ, ಕೋವಿ ತೆಗೆದು, ಹೆಗಲ ಮೇಲಿನ ವಸ್ತ್ರದಿಂದ ಒರೆಸಿ ಜಗಲಿಯ ಮೇಲೆ ಮಲಗಿಸಿದ. ಗಾಡಿಯ ಮೇಲೆ ಮದುವೆ ಗಂಡಿನಂತಿದ್ದ ಮುಖ ಮಗಳನ್ನು ಕಳಿಸಿಕೊಡುವವನ ಮುಖವಾಗಿತ್ತು. ಮಾವ ಗೋಣಿಚೀಲ ಕೊಡವಿದ.

“ತಗೋ ಪಿಳ್ಳ,” ಎಂದಳು ಅವ್ವ. “ಆದ್ರೆ ಆ ಗುಡ್ಡೆ ಮುಟ್ಟಬೇಡ.”

“ಯಾಕಕ್ಕ? ನನ್ನ ಪಾಲು ಅದು. ಕೈ ಇಟ್ಟಿದ್ದೀನಿ.”

“ಯಾವ ಬೇಟೇಲಿ ಪಾಲು? ಕೋವಿ ತಗೊಂಡ್ರೆ ನಿಮ್ಮ ಭಾವ ಬೇಟೆ ಮಾಡಿಲ್ಲ ಅಂತ ಆಯ್ತು. ಆಗದೇ ಇರೋ ಬೇಟೇಲಿ ನಿನಗೆ ಎಲ್ಲಿಂದ ಬಂತು ಪಾಲು? ಬಾಡು ತಗೊಂಡ್ಯೋ, ಬೇಟೆ ಆಯ್ತು ಅಂತ ಒಪ್ಕೊಂಡಂಗೆ. ಒಂದೇ ಒಂದು ಎತ್ಕೋ. ಎತ್ಕೊಂಡು ಹೊರಡು, ಹೊತ್ತು ಮುಳುಗೋದ್ರೊಳಗೆ ಬೇಗೂರು ಸೇರ್ಕೋಬೇಕಲ್ಲ.”

ಮಾವ ಕೋವಿ ನೋಡಿದ. ಗುಡ್ಡೆ ನೋಡಿದ. ಕೋವಿ ಎತ್ತಿಕೊಂಡರೆ, ಬೇಗೂರು ಸೇರುವಷ್ಟರಲ್ಲಿ ಅಲ್ಲಿನ ಮಡಕೆ ತಳ ಕಂಡಿರುತ್ತದೆ, ಹೊಸತೊಡಕಿನ ದಿನ ಬಾಡಿಲ್ಲ, ಅಂದರೆ ವರ್ಷವೆಲ್ಲ ಬಾಡಿಲ್ಲ. ಒಳಗಿನಿಂದ ಹುರಿದ ಕೊತ್ತಂಬರಿ, ಬೆಳ್ಳುಳ್ಳಿಯ ಖಾರದ ವಾಸನೆ ಬಂದು ಅವನ ಮೂಗಿನ ಹತ್ತಿರವೇ ನಿಂತಿತ್ತು. ಅವ್ವ ಮಡಕೆಯನ್ನು ಸೊಂಟಕ್ಕೆ ಏರಿಸಿಕೊಂಡು, “ಏನು, ಕೋವೀನ ಬೇಯಿಸ್ಕೊಡ್ಲಾ?” ಎಂದಳು.

ಗೋಣಿಚೀಲ ಕೆಳಗೆ ಬಿತ್ತು. ಮಾವ ಎಲೆಯ ಸಮೇತ ಗುಡ್ಡೆ ಎತ್ತಿ ಅಕ್ಕನ ಮಡಕೆಗೆ ಸುರಿದ. ಅಪ್ಪ ಕೋವಿಯನ್ನು ಎರಡೂ ಕೈಯಲ್ಲಿ, ಕೂಸನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡು ಒಳಗೆ ಹೋದ.

ಸಂಜೆ ಎಲ್ಲರೂ ಸಾಲಾಗಿ ಕೂತೆವು. ಬಿಸಿ ಮುದ್ದೆ, ಕಡವೆಯ ಸಾರು. ಕಡವೆ ಹೊಡೆದ ವೀರ, ಭಾವಮೈದುನ ದಾನ ಕೊಟ್ಟ ಬಾಡಿನಲ್ಲಿ ಊಟ ಮಾಡಿದ. ನಾಚಿಕೆಯ ಸುಳಿವೂ ಇಲ್ಲ. ಎರಡನೆಯ ತುತ್ತಿಗೆ ಕಥೆ ಶುರುವಾಯಿತು. ಕಡವೆ ನಿಲ್ಲಲೆಂದು ಬೇಕೆಂದೇ ಸೀನಿದೆ, ಅದು ತಾತ ಹೇಳಿಕೊಟ್ಟ ಗುಟ್ಟು, ಎಲ್ಲರಿಗೂ ಬರುವುದಿಲ್ಲ ಎಂದ. ನಾನು ಮುದ್ದೆಯ ಕಡೆ ನೋಡಿಕೊಂಡೆ. ಮಾವ ತಡೆಯಲಾರದೆ ಬಾಯಿ ತೆರೆದ. ಅವನ ಬಾಯಿ ತೆರೆದಾಗಲೆಲ್ಲ ಅವ್ವ ಸರಿಯಾಗಿ ಅದೇ ಗಳಿಗೆಗೆ ಅವನ ತಟ್ಟೆಗೆ ಸೌಟಿನಿಂದ ಇನ್ನೊಂದು ತುಂಡು ಹಾಕುತ್ತಿದ್ದಳು, ಮಾವ ಮಾತು ಬಿಟ್ಟು ತುಂಡು ಹಿಡಿಯುತ್ತಿದ್ದ.

ಬಾಡು ಬೇಕಾಗಿದ್ದವನು ಕೋವಿ ಬಿಟ್ಟ, ಕೋವಿ ಬೇಕಾಗಿದ್ದವನು ಬಾಡು ಬಿಟ್ಟ. ಗಂಡಸರ ಲೋಕ ಹೀಗೇ ನಡೆಯುತ್ತದೆ, ನಡೆಯಲಿ. ಆದರೆ ಯಾರಾದರೂ ನನ್ನೆದುರು ಗುರಿ, ಗುರಿಕಾರ ಎಂದು ಶುರು ಮಾಡಿದರೆ ನನಗೆ ನಗು ಬರುತ್ತದೆ. ನಾನು ಹೋದ ಒಂದೇ ಒಂದು ಬೇಟೆಯಲ್ಲಿ ಗುರಿಯಿಟ್ಟು ಹೊಡೆದವರು ಒಬ್ಬರೇ. ಅವರು ಕಾಡಿಗೆ ಬಂದಿರಲಿಲ್ಲ, ಅವರ ಕೈಯಲ್ಲಿದ್ದದ್ದು ಸೌಟು.