ಒಣಗಿಸಿ ಕಳಿಸಿದ ಚಿಗುರು

ಕೊಯ್ದ ಜೋಳದ ಕೂಳೆಯಲ್ಲಿ ಒಡೆದ ಎಳೆ ಚಿಗುರು ಮೇಯ್ದು ದೇವಸಮುದ್ರದ ಗಾದ್ರಪ್ಪನ ಕುರಿಗಳು ಸತ್ತಿದ್ದವು. ಆ ಚಿಗುರನ್ನು ಕಿತ್ತು ಪಶುವೈದ್ಯ ಇಲಾಖೆಯ ನಮ್ಮ ಪ್ರಯೋಗಶಾಲೆಗೆ ಕಳಿಸಲು ಎತ್ತಿನ ಗಾಡಿಯಲ್ಲಿ ಹೋದವನು ನಾನು. ಸೊಪ್ಪೇನಿದ್ದರೂ ಒಣಗಿಸಿಯೇ ಕಳಿಸಬೇಕೆಂಬುದು ನಮ್ಮ ನಿಯಮ.

“ಒಣಗಿದ್ರೆ ವಿಷ ಹೋಗ್ತೈತೆ ಸ್ವಾಮಿ. ಒಣಗಿದ್ದನ್ನ ನಾವೇ ಕುರಿಗೆ ಹಾಕ್ತೀವಿ,” ಅಂದ ಗಾದ್ರಪ್ಪ.

“ನಿನಗಿಂತ ಸರ್ಕಾರಕ್ಕೆ ಗೊತ್ತು ಕಣಯ್ಯ,” ಅಂದು ಒಣಗಿಸಿದೆ.

ವಿಷವಿಲ್ಲ, ಮೇಯಿಸಬಹುದು ಎಂದು ಉತ್ತರ ಬಂತು. ಅದನ್ನು ಊರವರ ಮುಂದೆ ಓದಿದವನೂ ನಾನೇ. ಗಾದ್ರಪ್ಪ ಬೇಡವೆಂದರೂ ಅವನ ತಮ್ಮ ಕಾಗದ ನಂಬಿ ತನ್ನ ಮಂದೆಯನ್ನು ಅದೇ ಹೊಲಕ್ಕೆ ಬಿಟ್ಟ. ಸಂಜೆಯೊಳಗೆ ಒಂದೂ ಉಳಿಯಲಿಲ್ಲ.

ನಾನು ಮತ್ತೆ ಚಿಗುರು ಕೀಳಲು ಬಗ್ಗಿದೆ. ಗಾದ್ರಪ್ಪ ತಡೆದ. “ಸೊಪ್ಪು ಬ್ಯಾಡ್ರಿ. ಈ ಸಲ ಕುರಿಗಳನ್ನೇ ಒಣಗಿಸ್ಕೊಂಡು ಹೋಗ್ರಿ.”

ನಿಯಮದಲ್ಲಿ ಅದಕ್ಕೆ ಅಡ್ಡಿಯೇನೂ ಇರಲಿಲ್ಲ.