ಊಟದ ಪಂಕ್ತಿ ಅಳಿಸಬೇಡ ಎಂದ ಅಕ್ಕ

ಅಕ್ಕನ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಹಿಂದೆ ಕೂಲಿಗೆ ಜೀನ್ಸ್ ಹೊಲಿಯುವಾಗ ಮಿಷನ್ನಿನ ಸೂಜಿ ಆ ಬೆರಳನ್ನು ದಾಟಿ ಹೋಗಿತ್ತಂತೆ. ಅದೇ ಬೆರಳಿನಿಂದ ಅವರು ರಾಯದುರ್ಗದ ನನ್ನ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತಿದ್ದರು. ನನಗೆ ಒಡಹುಟ್ಟಿದವರಲ್ಲ, ಮಡಕಶಿರದ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವರು. ತಮ್ಮ ಮಗಳ ಪಕ್ಕ ಕೂತು ಕಂಪ್ಯೂಟರ್ ಕಲಿತವರು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಊರೂರು ಲೈಟು ಹಿಡಿದು, ಸ್ವಂತ ಕ್ಯಾಮೆರಾ ಕೊಂಡವನು. ಯಾರಾದರೂ ಬುದ್ಧಿ ಹೇಳಿದರೆ ಸೇರುತ್ತಿರಲಿಲ್ಲ.

ಕ್ಯಾಮೆರಾ ಹೊಸದಾದಷ್ಟೂ ಫೈಲುಗಳು ಉಬ್ಬುತ್ತಿದ್ದವು. ಕಪಾಟಿನ ತುಂಬ ಹಾರ್ಡ್ ಡಿಸ್ಕು. ನಾನು ಇನ್ನೊಂದು ತರಲು ಹೊರಟರೆ ಅಕ್ಕ ತಡೆಯುತ್ತಿದ್ದರು.

"ಬಟ್ಟೆ ಜಾಸ್ತಿ ಆತು ಅಂತ ವರ್ಷಾ ವರ್ಷಾ ಬೀರು ತತ್ತೀಯೇನಣ್ಣ? ಸ್ಟೇಜಿಂದು ಅಳಿಸು, ಅದು ಎಲ್ರ ಫೋನಾಗೂ ಐತೆ. ಊಟದ ಪಂಕ್ತಿ ಮಾತ್ರ ಚಿಕ್ಕ ಸೈಜ್ ಮಾಡಿ ಇಟ್ಕೊ. ಸ್ಟೇಜ್ ಹತ್ತದೋರು ಅಲ್ಲೇ ಸಿಗೋದು."

"ಉಣ್ಣೋರ ಬಾಯಿ ಯಾರ್ ನೋಡ್ತಾರಕ್ಕ?"

ಅವರು ರಜೆ ಹಾಕಿದ ದಿನ, ಬೊಮ್ಮನಹಾಳದ ಒಂದು ಮದುವೆಯ ಪಂಕ್ತಿಯನ್ನೆಲ್ಲ ನಾನೇ ಅಳಿಸಿ, ಜಾಗ ಮಾಡಿದೆನೆಂದು ಬೀಗಿದೆ.

ತಿಂಗಳೊಳಗೆ ಆ ಊರಿನ ಕೂಲಿಯವನೊಬ್ಬ ಬಂದು ನಿಂತ. "ನಮ್ಮವ್ವ ತೀರ್ಕೊಂಡ್ಳ್ರಿ. ಆಧಾರ್ ಕಾರ್ಡಿನ್ಯಾಗ ಮುಖಾನ ಕಾಣಂಗಿಲ್ಲ. ಆ ಮದ್ವ್ಯಾಗ ಊಟಕ್ಕ ಕುಂತಿದ್ಳು, ತೆಗೆದುಕೊಡ್ರಿ. ಗ್ವಾಡಿಗೆ ಹಾಕ್ತೀನಿ."

ನಾನು ಕಪಾಟಿನ ಕಡೆ ತಿರುಗಿದೆ. ಅಕ್ಕ ನನ್ನ ಮುಖ ನೋಡಿದರು, ಅವರಿಗೆ ಎಲ್ಲ ತಿಳಿಯಿತು.

"ಆ ಡಿಸ್ಕು ಕೆಟ್ಟೈತೆ ಕಣಪ್ಪ," ಎಂದರು ಅವನಿಗೆ. "ಆದ್ರೇನು? ಒಂದು ಮದುವೇಲಿ ಉಂಡೋಳು ಇನ್ನೊಂದ್ರಾಗೆ ಉಪಾಸ ಇರ್ತಾಳಾ? ಕೂತ್ಕೊ."

ತಾವು ಚಿಕ್ಕದು ಮಾಡಿ ಉಳಿಸಿದ್ದ ಬೊಮ್ಮನಹಾಳದ ಹಳೆಯ ಪಂಕ್ತಿಗಳನ್ನು ಒಂದೊಂದಾಗಿ ಓಡಿಸಿದರು. ಎಲೆ, ಕೈ, ಮುಖ. ಮತ್ತೆ ಎಲೆ, ಕೈ, ಮುಖ. ನನಗೆ ಕೂರಲಾಗಲಿಲ್ಲ. ಒಳಗೂ ಬಾಗಿಲಿಗೂ ಸುಮ್ಮನೆ ಓಡಾಡಿದೆ. ಎರಡನೇ ದಿನ ಮಧ್ಯಾಹ್ನ ಅವನು ಎದ್ದು ನಿಂತ.

"ನಿಲ್ಲಸ್ರಿ! ನಮ್ಮವ್ವರಿ!"

ಬಡಿಸಲು ಬಂದವನಿಗೆ ಸಾಕೆಂದು ಎರಡೂ ಕೈ ಎಲೆಗೆ ಅಡ್ಡ ಹಿಡಿದ ಮುದುಕಿ.

"ನಗಾಕತ್ಯಾಳ್ರಿ," ಎಂದು ಸ್ಕ್ರೀನನ್ನು ಮುಟ್ಟಿದ.

ಆ ಸುಳ್ಳಿನ ಮಾತನ್ನು ಅಕ್ಕ ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೋದ ವರ್ಷ ಅಕ್ಕ ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡರು. ಅವರು ಮುಚ್ಚಿಟ್ಟ ನನ್ನ ತಪ್ಪು ಆಮೇಲೆ ನನ್ನನ್ನು ನಿಂತಲ್ಲಿ ನಿಲ್ಲಗೊಡಲಿಲ್ಲ. ಅವರ ತಿಥಿಯ ಕರ್ಮ ಮುಗಿದ ಮರುದಿನ ಬೈಕ್ ಹತ್ತಿ ಬೊಮ್ಮನಹಾಳಕ್ಕೆ ಹೋದೆ.

"ಯಾಕ್ರಿ, ಇಷ್ಟು ದೂರ?" ಎಂದು ಆ ಕೂಲಿಯವನು ಕುರ್ಚಿ ಎಳೆದ.

ನಾನು ಕೂರಲಿಲ್ಲ. "ಅವತ್ತು ಡಿಸ್ಕ್ ಕೆಟ್ಟಿದ್ದಿಲ್ಲಪ್ಪ," ಎಂದೆ. "ನಾನೇ ಅಳಿಸಿದ್ದು."